ಪ್ರಜಾಪ್ರತಿನಿಧಿ ಸಭೆಯಿಂದ ಮಾಹಿತಿ ಸೌಧದವರೆಗೆ

ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರರ ಆಡಳಿತವು ಮುಗಿದು ಮೈಸೂರು ಸಂಸ್ಥಾನವು ಒಡೆಯರ ಮನೆತನಕ್ಕೆ ಮರಳಿದ ವರ್ಷದಲ್ಲಿಯೇ, ಎಂದರೆ 1881ನೆಯ ಇಸವಿಯ ಅಕ್ಟೋಬರ್ 7ರಂದು, ದಿವಾನ್ ಸಿ. ರಂಗಾಚಾರ್ಲು ಅವರ ಆಹ್ವಾನವನ್ನು ಮನ್ನಿಸಿ ಸಂಸ್ಥಾನದ ನಾನಾ ಭಾಗಗಳಿಂದ ಬಂದಿದ್ದ 144 ಮಂದಿ ಪ್ರತಿನಿಧಿಗಳು ಮೈಸೂರು ನಗರದಲ್ಲಿ ಸಭೆ ಸೇರಿ, ರಾಜ್ಯದ ಆದಾಯವೆಷ್ಟು, ವೆಚ್ಚವೆಷ್ಟು, ಸರ್ಕಾರವು ಕೈಕೊಂಡಿರುವ ಕಾರ್ಯಗಳಾವುವು ಎಂಬ ವೃತ್ತಾಂತವನ್ನು ದಿವಾನರ ಬಾಯಿಂದಲೇ ಕೇಳಿದರು. ಪ್ರಜಾಪ್ರತಿನಿಧಿ ಸಭೆಯೆಂದು ಚರಿತ್ರೆಯಲ್ಲಿ ಪ್ರಸಿದ್ಧವಾದ ಆ ಸಂಸ್ಥೆಗೆ ಅಂದು ಶಾಸನಗಳನ್ನು ರಚಿಸುವ ಅಧಿಕಾರವಾಗಲಿ, ಆಯವ್ಯಯವನ್ನು ಒಪ್ಪುವ ಅಥವಾ ನಿರಾಕರಿಸುವ ಅಧಿಕಾರವಾಗಲಿ ಇರಲಿಲ್ಲ. ಸರ್ಕಾರದ ಕ್ರಮಗಳ ಉದ್ದೇಶವೇನೆಂಬುದು, ಯಾರ ಹಿತಕ್ಕಾಗಿ ಆ ಕ್ರಮಗಳು ಹುಟ್ಟಿದವೋ ಆ ಜನರಿಗೆ ಚೆನ್ನಾಗಿ ತಿಳಿದಿರಬೇಕು ಎಂಬುದೇ ಅದರ ಸ್ಥಾಪನೆಯ ಆದೇಶದಲ್ಲಿ ಎದ್ದು ಕಾಣುವ ಆಶಯವಾಗಿತ್ತು.

ಕರ್ನಾಟಕ ಮಾಹಿತಿ ಆಯೋಗದ ಇಪ್ಪತ್ತು ವರ್ಷಗಳ ಕಥೆಯನ್ನು ಬರೆಯಹೊರಟವನು ಅಷ್ಟು ಹಿಂದಕ್ಕೆ ಹೋಗುವುದು ಅನವಶ್ಯಕವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಸರ್ಕಾರದ ವ್ಯವಹಾರವು ಪ್ರಜೆಗೆ ತಿಳಿಯಬೇಕೆಂಬ ಭಾವನೆಯು ಈ ನಾಡಿಗೆ 2005ರಲ್ಲಿ ದೆಹಲಿಯಿಂದ ಬಂದ ಹೊಸ ಸರಕಲ್ಲ. ಆದರೆ ಅಂದಿನ ತಿಳಿವಳಿಕೆಗೂ ಇಂದಿನ ತಿಳಿವಳಿಕೆಗೂ ನಡುವೆ ಒಂದು ಮಹತ್ತರವಾದ ಅಂತರವಿದೆ, ಮತ್ತು ಆ ಅಂತರವನ್ನು ಗ್ರಹಿಸದೆ ಆಯೋಗದ ಬೆಲೆಯನ್ನು ಅಳೆಯಲಾಗದು. ಅಂದು ಯಾವುದನ್ನು ಹೇಳಬೇಕೆಂಬುದನ್ನು ನಿಶ್ಚಯಿಸುತ್ತಿದ್ದವರು ದಿವಾನರು. ಇಂದು ಯಾವುದನ್ನು ಕೇಳಬೇಕೆಂಬುದನ್ನು ನಿಶ್ಚಯಿಸತಕ್ಕವನು ಪ್ರಜೆ. ಪ್ರಶ್ನೆಯನ್ನು ಆರಿಸುವ ಅಧಿಕಾರವು ಒಂದು ಕೈಯಿಂದ ಮತ್ತೊಂದು ಕೈಗೆ ಬಂದುದೇ ಈ ಚರಿತ್ರೆಯ ಸಾರ, ಮತ್ತು ಹಾಗೆ ಬಂದ ಅಧಿಕಾರವು ಮೆಲ್ಲನೆ ಹಿಂದಕ್ಕೆ ಜಾರದಂತೆ ಕಾಯುವುದೇ ಆಯೋಗದ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ದಿವಾನರ ಭಾಷಣಗಳು ವರ್ಷವರ್ಷವೂ ನಡೆದು, ಮುದ್ರಿತವಾಗಿ, ಸಂಸ್ಥಾನದ ಆಡಳಿತ ಚರಿತ್ರೆಗೆ ಅಮೂಲ್ಯವಾದ ಆಧಾರಗಳಾಗಿ ಉಳಿದಿವೆ. ಕೆರೆಯ ದುರಸ್ತಿ, ರೈಲುದಾರಿಯ ವಿಸ್ತರಣ, ಕ್ಷಾಮಪರಿಹಾರ, ಕೋಲಾರದ ಚಿನ್ನದ ಗಣಿಗಳ ರಾಜಧನ, ಇವೆಲ್ಲವೂ ಅಂಕಿಅಂಶಗಳೊಡನೆ ಅಲ್ಲಿ ದೊರೆಯುತ್ತವೆ. ಸದಸ್ಯರು ತಮ್ಮ ತಾಲ್ಲೂಕಿನ ಕುಂದುಕೊರತೆಗಳನ್ನು ಬಿನ್ನವಿಸಿಕೊಳ್ಳುತ್ತಿದ್ದರು. ದಿವಾನರು ಉತ್ತರ ಕೊಡುತ್ತಿದ್ದರು. ಆದರೂ ಅದು ಅನುಗ್ರಹವೇ ಹೊರತು ಹಕ್ಕಲ್ಲ. ಅದೇ ಮೈಸೂರಿನಲ್ಲಿ 1908ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ವೃತ್ತಪತ್ರಿಕೆಗಳ ನಿಯಂತ್ರಣಕ್ಕಾಗಿ ಒಂದು ಕಠಿಣವಾದ ಶಾಸನವು ಬಂದು, ತಾತಯ್ಯನೆಂದು ಜನರಿಂದ ಕರೆಸಿಕೊಂಡ ಎಂ. ವೆಂಕಟಕೃಷ್ಣಯ್ಯನವರಂಥ ಹಿರಿಯ ಪತ್ರಕರ್ತರ ಬಾಯಿಗೆ ಬೀಗ ಹಾಕಿತೆಂಬುದನ್ನು ನೆನೆದರೆ, ಆಳುವವರು ತಾವಾಗಿ ಹೇಳುವುದಕ್ಕೂ ಆಳಿಸಿಕೊಳ್ಳುವವರು ತಾವಾಗಿ ವಿಚಾರಿಸುವುದಕ್ಕೂ ಇರುವ ಭೇದವು ಸ್ಪಷ್ಟವಾಗುತ್ತದೆ. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧವಾದ ಸ್ಥಾನವು ಲಭಿಸಿತು. ಅದೇ 1923ರಲ್ಲಿ ದೆಹಲಿಯ ಬ್ರಿಟಿಷ್ ಸರ್ಕಾರವು ಅಧಿಕೃತ ರಹಸ್ಯಗಳ ಕಾಯಿದೆಯನ್ನು ಜಾರಿಗೆ ತಂದಿತು. ಇವೆರಡರಲ್ಲಿ ಮೈಸೂರಿನ ಸಭೆಯು 1949ರಲ್ಲಿ ವಿಸರ್ಜನೆಯಾಯಿತು. ದೆಹಲಿಯ ಕಾಯಿದೆಯು ಇಂದಿಗೂ ಶಾಸನಗ್ರಂಥದಲ್ಲಿ ಇದೆ.

ಸ್ವಾತಂತ್ರ್ಯವು ಬಂದ ಮೇಲೆ ಸಾರ್ವಭೌಮತ್ವವು ಪ್ರಜೆಗಳದ್ದೆಂದು ಸಂವಿಧಾನವು ಸಾರಿತಾದರೂ, ಕಚೇರಿಗಳ ದಾಖಲೆ ಕೊಠಡಿಗಳ ಬಾಗಿಲು ತೆರೆಯಲಿಲ್ಲ. ಗುಮಾಸ್ತನಿಂದ ಕಾರ್ಯದರ್ಶಿಯವರೆಗೆ ಎಲ್ಲರೂ ಕಲಿತಿದ್ದ ಮೊದಲ ಪಾಠವೆಂದರೆ ಕಡತವು ಹೊರಗಿನವರ ಕಣ್ಣಿಗೆ ಬೀಳಕೂಡದು ಎಂಬುದು. ಸಾರ್ವಜನಿಕ ವಿಷಯಗಳಲ್ಲಿ ಪ್ರಜೆಗೆ ಶಿಕ್ಷಣವಿಲ್ಲದೆ ಪ್ರಜಾಪ್ರಭುತ್ವವು ನಿಲ್ಲದೆಂಬ ದೃಢವಾದ ನಂಬಿಕೆಯಿಂದ ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದರು. ಆದರೆ ಅಂಥ ಸಂಸ್ಥೆಗಳಿಗೂ ದೊರೆಯುತ್ತಿದ್ದುದು ಸರ್ಕಾರವು ಪ್ರಕಟಿಸಿದ ಕಾಗದಗಳೇ ಹೊರತು ಪ್ರಕಟಿಸದ ಕಾಗದಗಳಲ್ಲ. ನ್ಯಾಯಾಲಯಗಳು ಈ ವಿಷಯದಲ್ಲಿ ಶಾಸಕಾಂಗಕ್ಕಿಂತ ಮುಂದೆ ನಡೆದವು. ಪ್ರಧಾನಮಂತ್ರಿಗಳ ಪ್ರವಾಸದ ಭದ್ರತೆಗೆ ಸಂಬಂಧಿಸಿದ ಒಂದು ಪುಸ್ತಕವನ್ನು ಹಾಜರುಪಡಿಸಬೇಕೆ ಬೇಡವೆ ಎಂಬ ಪ್ರಶ್ನೆಯು ಎದ್ದ ರಾಜ್ ನಾರಾಯಣ್ ಪ್ರಕರಣದಲ್ಲಿ, 1975ರಲ್ಲಿ, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಕೆ. ಮ್ಯಾಥ್ಯೂ ಅವರು ಸರ್ಕಾರದ ಸೇವಕರು ಸಾರ್ವಜನಿಕವಾಗಿ ಮಾಡುವ ಪ್ರತಿಯೊಂದು ಕಾರ್ಯವನ್ನೂ ತಿಳಿಯುವ ಹಕ್ಕು ಜನರಿಗಿದೆಯೆಂಬ ಅಭಿಪ್ರಾಯವನ್ನು ಬರೆದರು. 1981ರ ಎಸ್. ಪಿ. ಗುಪ್ತ ಪ್ರಕರಣದ ತೀರ್ಪು ಅದೇ ದಾರಿಯಲ್ಲಿ ಮತ್ತಷ್ಟು ದೂರ ಸಾಗಿ, ವಾಕ್ ಸ್ವಾತಂತ್ರ್ಯದಲ್ಲಿಯೇ ತಿಳಿಯುವ ಹಕ್ಕೂ ಅಡಗಿದೆಯೆಂಬ ಸಿದ್ಧಾಂತವನ್ನು ಬಲಪಡಿಸಿತು. ಹಕ್ಕು ಇದೆಯೆಂದು ಹೀಗೆ ಸಿದ್ಧವಾಯಿತು. ಆದರೆ ಒಬ್ಬ ರೈತನು ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತು ಆ ಹಕ್ಕನ್ನು ಹೇಗೆ ಚಲಾಯಿಸಬೇಕೆಂಬುದಕ್ಕೆ ಮಾರ್ಗವಿರಲಿಲ್ಲ.

ಆ ಮಾರ್ಗವನ್ನು ಮೊದಲು ಕಡಿದವರು ವಿದ್ವಾಂಸರಲ್ಲ, ನ್ಯಾಯವಾದಿಗಳಲ್ಲ. ರಾಜಸ್ಥಾನದ ಬರಗಾಲದ ಪ್ರದೇಶಗಳಲ್ಲಿ ಮಣ್ಣು ಹೊರುತ್ತಿದ್ದ ಕೂಲಿಗಾರರು. 1990ರ ಮೇ 1ರಂದು ಸ್ಥಾಪಿತವಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು, ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮೊದಲಾದವರ ಜೊತೆಯಲ್ಲಿ, ಕನಿಷ್ಠ ಕೂಲಿಗಾಗಿ ಹೋರಾಡುತ್ತ ಹೋದಾಗ ಎದುರಾದ ಅಡ್ಡಗೋಡೆಯೆಂದರೆ ಹಾಜರಿ ಪಟ್ಟಿ. ನೀವು ಕೆಲಸವನ್ನೇ ಮಾಡಿಲ್ಲವೆಂದು ದಾಖಲೆಯು ಹೇಳುತ್ತದೆ ಎಂದು ಅಧಿಕಾರಿ ನುಡಿದರೆ, ಆ ದಾಖಲೆಯನ್ನು ತೋರಿಸಿರೆಂದು ಕೇಳಲು ಕೂಲಿಗಾರನಿಗೆ ಯಾವ ಶಾಸನದ ಬೆಂಬಲವೂ ಇರಲಿಲ್ಲ. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಗ್ರಾಮದಲ್ಲಿ ಮೊಟ್ಟಮೊದಲ ಜನಸುನವಾಯಿ, ಎಂದರೆ ಸಾರ್ವಜನಿಕ ವಿಚಾರಣೆ, ನಡೆಯಿತು. ಹೇಗೋ ದೊರಕಿದ ಪಂಚಾಯಿತಿಯ ಲೆಕ್ಕಗಳನ್ನು ಊರ ಜನರ ನಡುವೆ ಗಟ್ಟಿಯಾಗಿ ಓದುತ್ತ ಹೋದರು. ಪಟ್ಟಿಯಲ್ಲಿ ಹೆಸರಿದ್ದು ಕೂಲಿ ಪಡೆಯದವರು, ಹಣ ಸಂದಾಯವಾಗಿ ಕಟ್ಟಡ ಏಳದ ಕಾಮಗಾರಿಗಳು, ಒಂದೊಂದಾಗಿ ಹೊರಬಿದ್ದವು. 1996ರ ಏಪ್ರಿಲಿನಲ್ಲಿ ಬ್ಯಾವರ್ ಪಟ್ಟಣದಲ್ಲಿ ಆರಂಭವಾದ ಧರಣಿಯು 40 ದಿನ ನಡೆಯಿತು. ಅಲ್ಲಿ ಬೇಡಿದ್ದು ಅನ್ನವನ್ನಲ್ಲ, ಹಣವನ್ನಲ್ಲ. ಪಂಚಾಯಿತಿಯ ಖರ್ಚಿನ ಕಾಗದಗಳ ನಕಲನ್ನು. ನಮ್ಮ ಹಣ, ನಮ್ಮ ಲೆಕ್ಕ ಎಂಬ ಅವರ ಘೋಷಣೆಯಲ್ಲಿ, ಪ್ರಶ್ನೆಯನ್ನು ಆರಿಸುವವರು ತಾವೇ ಎಂಬ ನಿಶ್ಚಯವಿತ್ತು. ಮಾಹಿತಿ ಹಕ್ಕಿನ ಚರಿತ್ರೆಯನ್ನು ಬರೆಯುವ ಯಾವ ರಾಜ್ಯದವನೂ ಆ ಧರಣಿಗೆ ನಮಸ್ಕರಿಸದೆ ಮುಂದುವರಿಯಲಾರ.

ಅಲ್ಲಿಂದ ಮುಂದೆ ಘಟನೆಗಳು ಬೇಗಬೇಗನೆ ನಡೆದವು. ನ್ಯಾಯಮೂರ್ತಿ ಪಿ. ಬಿ. ಸಾವಂತರ ನೇತೃತ್ವದಲ್ಲಿ ಭಾರತೀಯ ಪತ್ರಿಕಾ ಮಂಡಳಿಯು ಒಂದು ಕರಡು ಮಸೂದೆಯನ್ನು ಸಿದ್ಧಪಡಿಸಿತು. 1997ರ ಜನವರಿಯಲ್ಲಿ, ನಮ್ಮವರೇ ಆದ ಎಚ್. ಡಿ. ದೇವೇಗೌಡರು ಪ್ರಧಾನಮಂತ್ರಿಗಳಾಗಿದ್ದಾಗ, ಎಚ್. ಡಿ. ಶೌರಿಯವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರವು ಒಂದು ಕಾರ್ಯತಂಡವನ್ನು ನೇಮಿಸಿತು. ಅದರ ವರದಿಯು ಅದೇ ವರ್ಷದ ಮೇ ತಿಂಗಳಲ್ಲಿ ಬಂದಿತು. ಕೇಂದ್ರವು ಯೋಚಿಸುತ್ತಿದ್ದಂತೆಯೇ ರಾಜ್ಯಗಳು ಕಾಯಿದೆಗಳನ್ನು ಮಾಡಿದವು: 1997ರಲ್ಲಿ ತಮಿಳುನಾಡು ಮತ್ತು ಗೋವ, 2000ದಲ್ಲಿ ರಾಜಸ್ಥಾನ ಮತ್ತು ಕರ್ನಾಟಕ.

ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ ರಚಿತವಾದ ಕರ್ನಾಟಕ ಮಾಹಿತಿ ಹಕ್ಕು ಕಾಯಿದೆಯು, 2000ದ 28ನೆಯ ಅಧಿನಿಯಮವು, ನಮ್ಮ ವಿಧಾನಮಂಡಲಕ್ಕೆ ಗೌರವವನ್ನು ತಂದ ಶಾಸನವೆಂಬುದರಲ್ಲಿ ಸಂದೇಹವಿಲ್ಲ. ಆ ವರ್ಷಗಳಲ್ಲಿ ಆಡಳಿತದ ಕಾಗದಗಳನ್ನು ಬೆಳಕಿಗೆ ತರುವ ಬೇರೆ ಯತ್ನಗಳೂ ರಾಜ್ಯದಲ್ಲಿ ನಡೆದಿದ್ದವು. ಸರ್ಕಾರಿ ಖರೀದಿಯ ಟೆಂಡರುಗಳನ್ನು ಬಹಿರಂಗಗೊಳಿಸುವ ಪಾರದರ್ಶಕತೆಯ ಕಾಯಿದೆಯು 1999ರಲ್ಲಿ ಆಗಿತ್ತು. ಭೂಮಿ ಯೋಜನೆಯ ಮೂಲಕ ಗ್ರಾಮಲೆಕ್ಕಿಗರ ಗಂಟುಗಳಲ್ಲಿದ್ದ ಪಹಣಿಗಳು ಕಂಪ್ಯೂಟರಿಗೆ ಏರಿ, ರೈತನು ಯಾರ ಮರ್ಜಿಯನ್ನೂ ಕಾಯದೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ತನ್ನ ಪಹಣಿಯ ನಕಲನ್ನು ಪಡೆಯುವಂತಾಯಿತು. ಆದರೆ ಮಾಹಿತಿ ಹಕ್ಕು ಕಾಯಿದೆಯು ಪುಸ್ತಕದಿಂದ ಕಚೇರಿಗೆ ಇಳಿಯಲು ಕಾಲ ಹಿಡಿಯಿತು. ನಿಯಮಗಳು ರಚಿತವಾಗಿ ಅದು ಜಾರಿಗೆ ಬಂದುದು 2002ರಲ್ಲಿ. ಹದಿನೈದು ಕೆಲಸದ ದಿನಗಳಲ್ಲಿ ಮಾಹಿತಿ ಕೊಡಬೇಕೆಂದು ಅದು ವಿಧಿಸಿತ್ತು. ಈ ಒಂದು ಅಂಶದಲ್ಲಿ ಅದು ಮುಂದೆ ಬಂದ ಕೇಂದ್ರದ ಕಾಯಿದೆಗಿಂತ ಚುರುಕಾಗಿತ್ತು. ಅದರ ದೌರ್ಬಲ್ಯವಿದ್ದುದು ಬೇರೆ ಕಡೆ. ತಪ್ಪಿದ ಅಧಿಕಾರಿಗೆ ವಿಧಿಸಬಹುದಾಗಿದ್ದ ದಂಡವು ಎರಡು ಸಾವಿರ ರೂಪಾಯಿಗಳನ್ನು ಮೀರುವಂತಿರಲಿಲ್ಲ. ಎರಡನೆಯ ಮೇಲ್ಮನವಿಯು, ಭೂಕಂದಾಯದ ಮತ್ತು ತೆರಿಗೆಯ ವ್ಯಾಜ್ಯಗಳಿಂದ ಮೊದಲೇ ತುಂಬಿದ್ದ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕಾಗಿತ್ತು. ಈ ಹಕ್ಕನ್ನು ತನ್ನ ಏಕಮಾತ್ರ ಧರ್ಮವೆಂದು ಭಾವಿಸುವ ಸಂಸ್ಥೆಯೊಂದು ಇರಲಿಲ್ಲ. ಬೆಂಗಳೂರಿನ ಕೆಲವು ನಾಗರಿಕ ಬಳಗಗಳು, ಪತ್ರಕರ್ತರು, ಗ್ರಾಹಕ ಸಂಘಟನೆಗಳು ಆ ಕಾಯಿದೆಯನ್ನೇ ಹಿಡಿದುಕೊಂಡು ಶ್ರದ್ಧೆಯಿಂದ ಅರ್ಜಿಗಳನ್ನು ಹಾಕುತ್ತ ಅಧಿಕಾರಿಗಳಿಗೂ ಜನರಿಗೂ ಕಲಿಸಿದ ಪಾಠವು, ಮುಂದೆ ಕೇಂದ್ರದ ಕಾಯಿದೆ ಬಂದಾಗ ಈ ರಾಜ್ಯದ ನೆಲವು ಹದವಾಗಿರುವಂತೆ ಮಾಡಿತು.

ಸಂಸತ್ತು 2002ರಲ್ಲಿ ಮಾಹಿತಿ ಸ್ವಾತಂತ್ರ್ಯದ ಒಂದು ಕಾಯಿದೆಯನ್ನು ಅಂಗೀಕರಿಸಿತ್ತಾದರೂ ಅದು ಜಾರಿಗೆ ಬರಲೇ ಇಲ್ಲ. ಅದರ ಸ್ಥಾನದಲ್ಲಿ ಬಂದ ಮಾಹಿತಿ ಹಕ್ಕು ಅಧಿನಿಯಮವು 2005ರ ಮೇ ತಿಂಗಳಲ್ಲಿ ಉಭಯ ಸದನಗಳ ಒಪ್ಪಿಗೆಯನ್ನು ಪಡೆದು, ಜೂನ್ 15ರಂದು ರಾಷ್ಟ್ರಪತಿಗಳ ಅಂಕಿತವನ್ನು ಹೊಂದಿ, ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದಿತು. ಈ ಶಾಸನದ ಆರನೆಯ ಪ್ರಕರಣದಲ್ಲಿ ಅರ್ಜಿದಾರನು ತನಗೆ ಮಾಹಿತಿ ಏಕೆ ಬೇಕೆಂಬ ಕಾರಣವನ್ನು ಹೇಳಬೇಕಾಗಿಲ್ಲವೆಂಬ ಒಂದು ಸಣ್ಣ ವಾಕ್ಯವಿದೆ. ಇಡೀ ಕಾಯಿದೆಯ ಜೀವವು ಆ ವಾಕ್ಯದಲ್ಲಿದೆಯೆಂದರೆ ಅತಿಶಯೋಕ್ತಿಯಾಗದು. ನಿನಗೇಕೆ ಬೇಕು ಎಂಬ ಮಾತು, ಶತಮಾನಗಳಿಂದ ಕಚೇರಿಯ ಹೊಸ್ತಿಲಲ್ಲಿ ನಿಂತು ಬಡವನನ್ನು ಹಿಂದಕ್ಕೆ ಕಳುಹಿಸುತ್ತಿದ್ದ ಮಾತು, ಅಂದಿನಿಂದ ಕಾನೂನುಬಾಹಿರವಾಯಿತು. ಬರೆಯಲು ಬಾರದವನ ಮೌಖಿಕವಾದ ಕೋರಿಕೆಯನ್ನು ಬರಹಕ್ಕೆ ಇಳಿಸಲು ಅಧಿಕಾರಿಯೇ ನೆರವಾಗಬೇಕೆಂದು ಅದೇ ಪ್ರಕರಣವು ವಿಧಿಸುತ್ತದೆ. ಹತ್ತು ರೂಪಾಯಿ ಶುಲ್ಕ; ಮೂವತ್ತು ದಿನಗಳ ಅವಧಿ; ಜೀವ ಮತ್ತು ಸ್ವಾತಂತ್ರ್ಯದ ಪ್ರಶ್ನೆಯಾದರೆ ನಲವತ್ತೆಂಟು ಗಂಟೆಗಳು; ಮೊದಲ ಮೇಲ್ಮನವಿಯು ಅದೇ ಇಲಾಖೆಯ ಹಿರಿಯ ಅಧಿಕಾರಿಗೆ, ಎರಡನೆಯದು ಸ್ವತಂತ್ರವಾದ ಆಯೋಗಕ್ಕೆ. ಈ ಎರಡನೆಯ ಮೇಲ್ಮನವಿಯ ಮನೆಯೇ ನಮ್ಮ ಈ ಚರಿತ್ರೆಯ ವಿಷಯ.

ಕರ್ನಾಟಕ ಮಾಹಿತಿ ಆಯೋಗವು ಕಾಯಿದೆಯ ಹದಿನೈದನೆಯ ಪ್ರಕರಣದ ಅನುಸಾರ 2005ರಲ್ಲಿಯೇ ರಚಿತವಾಯಿತು. ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿದ್ದ ಕೆ. ಕೆ. ಮಿಶ್ರ ಅವರು ಮೊದಲ ರಾಜ್ಯ ಮುಖ್ಯ ಮಾಹಿತಿ ಆಯುಕ್ತರಾದರು. ಡಾ. ಅಂಬೇಡ್ಕರ್ ವೀಧಿಯ ಬಹುಮಹಡಿ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ವಿಚಾರಣೆಗಳು ನಡೆಯುತ್ತಿದ್ದುವು; ಮುಂದೆ ವಿಧಾನ ಸೌಧದ ಪಶ್ಚಿಮ ದ್ವಾರಕ್ಕೆ ಎದುರಾಗಿ, ದೇವರಾಜ ಅರಸು ರಸ್ತೆಯಲ್ಲಿ, ಮಾಹಿತಿ ಸೌಧವೆಂಬ ಸ್ವಂತ ಹೆಸರಿನ ಕಟ್ಟಡವು ಆಯೋಗಕ್ಕೆ ದೊರಕಿತು. ಶಾಸಕಾಂಗದ ಮನೆಗೂ ಪ್ರಜೆಯ ಪ್ರಶ್ನೆಯ ಮನೆಗೂ ನಡುವೆ ಒಂದು ರಸ್ತೆಯಷ್ಟೇ ಅಂತರವಿರುವುದು ಉಚಿತವಾಗಿಯೇ ಇದೆ. ಕಾಯಿದೆಯ ಪ್ರಕಾರ ಮುಖ್ಯ ಆಯುಕ್ತರೊಡನೆ ಹತ್ತು ಮಂದಿಯವರೆಗೆ ಆಯುಕ್ತರು ಇರಬಹುದು. ಮುಖ್ಯಮಂತ್ರಿ, ವಿಧಾನಸಭೆಯ ವಿರೋಧಪಕ್ಷದ ನಾಯಕ, ಮುಖ್ಯಮಂತ್ರಿಗಳು ಹೆಸರಿಸಿದ ಒಬ್ಬ ಸಚಿವ, ಈ ಮೂವರ ಸಮಿತಿಯು ಮಾಡಿದ ಶಿಫಾರಸಿನ ಮೇರೆಗೆ ರಾಜ್ಯಪಾಲರು ಅವರನ್ನು ನೇಮಿಸುತ್ತಾರೆ. ಕಾನೂನು, ವಿಜ್ಞಾನ, ಸಮಾಜಸೇವೆ, ಪತ್ರಿಕೋದ್ಯಮ, ಆಡಳಿತ ಮೊದಲಾದ ಕ್ಷೇತ್ರಗಳಲ್ಲಿ ವಿಶಾಲವಾದ ಅನುಭವವುಳ್ಳ ಗಣ್ಯರು ಈ ಸ್ಥಾನಕ್ಕೆ ಅರ್ಹರೆಂದು ಶಾಸನವು ಹೇಳಿದ್ದರೂ, ದೇಶದ ಎಲ್ಲೆಡೆಯಂತೆ ಇಲ್ಲಿಯೂ ನಿವೃತ್ತ ಅಧಿಕಾರಿಗಳ ಕಡೆಗೆ ಒಲವು ಹೆಚ್ಚಾಗಿತ್ತು. ಕಡತದ ಒಳಹೊರಗನ್ನು ಬಲ್ಲವರು ಆಯುಕ್ತರಾಗುವುದರಿಂದ, ಅಧೀನ ಅಧಿಕಾರಿಯ ನೆಪವು ಅವರ ಮುಂದೆ ಬಹುಕಾಲ ನಿಲ್ಲದೆಂಬ ಪ್ರಯೋಜನವಿದೆ. ಆದರೆ ಜೀವಮಾನವೆಲ್ಲ ಮೇಜಿನ ಆ ಪಕ್ಕದಲ್ಲಿ ಕುಳಿತವರಿಗೆ ಈ ಪಕ್ಕದಲ್ಲಿ ನಿಂತವನ ಕಷ್ಟವು ಕಾಣುವುದು ಸುಲಭವಲ್ಲ. ಸಮಾಜಸೇವಕರಿಗೂ ಪತ್ರಕರ್ತರಿಗೂ ನ್ಯಾಯವಾದಿಗಳಿಗೂ ಅಲ್ಲಿ ಇನ್ನೂ ಹೆಚ್ಚಿನ ಸ್ಥಾನ ಸಿಗಬೇಕಾಗಿತ್ತೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಆಯೋಗದ ಮುಂದೆ ಬರುವ ಪ್ರಕರಣಗಳ ಸ್ವರೂಪವನ್ನು ನೋಡಿದವರಿಗೆ ಕನ್ನಡ ನಾಡಿನ ಬದುಕೇ ಅಲ್ಲಿ ಸಾಲುಗಟ್ಟಿ ನಿಂತಂತೆ ಕಾಣುವುದು. ಊರ ರಸ್ತೆಗೆ ಹಾಕಿದ ಜಲ್ಲಿಯ ಅಳತೆ ಪುಸ್ತಕ, ಗೋಮಾಳದ ಮಂಜೂರಾತಿಯ ಕಡತ, ಪಡಿತರ ಅಂಗಡಿಯ ದಾಸ್ತಾನು ಪುಸ್ತಕ, ಆಶ್ರಯ ಮನೆಯ ಫಲಾನುಭವಿಗಳ ಪಟ್ಟಿ, ನೇಮಕಾತಿ ಪರೀಕ್ಷೆಯ ಅಂಕಗಳು, ಬಡಾವಣೆಯ ನಕ್ಷೆ, ವಿಧವಾ ವೇತನದ ಅರ್ಜಿಯ ಮೇಲೆ ಬರೆದ ಷರಾ, ಇವುಗಳಿಗಾಗಿ ಜನರು ಬರುತ್ತಾರೆ. ಒಂದು ಕಡೆ ಅರ್ಜಿದಾರ. ಮತ್ತೊಂದು ಕಡೆ ಸಾರ್ವಜನಿಕ ಮಾಹಿತಿ ಅಧಿಕಾರಿಯೆಂಬ ಹೆಚ್ಚುವರಿ ಹೊಣೆಯನ್ನು ಹೊತ್ತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೋ, ಶಿರಸ್ತೇದಾರನೋ, ಸಹಾಯಕ ಎಂಜಿನಿಯರನೋ. ಆಯುಕ್ತರಿಗೆ ಸಮನ್ಸ್ ಹೊರಡಿಸಲು, ದಾಖಲೆಗಳನ್ನು ತರಿಸಲು, ಪ್ರಮಾಣ ಮಾಡಿಸಿ ಸಾಕ್ಷ್ಯ ಪಡೆಯಲು ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅನೇಕ ಪ್ರಕರಣಗಳಲ್ಲಿ ಅದೊಂದೂ ಬೇಕಾಗುವುದಿಲ್ಲ. ವಿಚಾರಣೆಯ ನೋಟಿಸು ಕಚೇರಿಯನ್ನು ಮುಟ್ಟಿದೊಡನೆ, ವರ್ಷದಿಂದ ಸಿಗದಿದ್ದ ಕಾಗದವು ಸಿಕ್ಕಿಬಿಡುತ್ತದೆ. ಆಯೋಗದ ಇರವಿನಿಂದಲೇ ಆದ ಈ ಉಪಕಾರವನ್ನು ಯಾವ ವಾರ್ಷಿಕ ವರದಿಯ ಅಂಕಿಗಳೂ ಪೂರ್ಣವಾಗಿ ತೋರಿಸಲಾರವು.

ಕಾಗದವು ಸಿಗದೆ ಹೋಗುವ ಪ್ರಕರಣಗಳೇ ಕಷ್ಟದವು. ಕಡತ ಲಭ್ಯವಿಲ್ಲವೆಂಬ ಎರಡು ಪದಗಳ ಉತ್ತರವು ಕಾಯಿದೆಯ ಎಂಟನೆಯ ಪ್ರಕರಣದಲ್ಲಿ ಹೇಳಿರುವ ಯಾವ ವಿನಾಯಿತಿಗೂ ಸೇರಿದುದಲ್ಲ. ದೇಶದ ಭದ್ರತೆ, ತನಿಖೆಯ ಹಿತ, ವ್ಯಾಪಾರದ ಗುಟ್ಟು ಮೊದಲಾದ ಕಾರಣಗಳನ್ನು ಶಾಸನವು ಒಪ್ಪಿದೆಯೇ ಹೊರತು, ಕಳೆದುಹೋಗಿದೆಯೆಂಬ ಕಾರಣವನ್ನು ಒಪ್ಪಿಲ್ಲ. ಒಮ್ಮೆ ಸರ್ಕಾರದ ಬಳಿ ಇದ್ದ ದಾಖಲೆಯು ಸಿಗದೆಂದು ಹೇಳಿ ಸುಮ್ಮನಾಗುವಂತಿಲ್ಲ, ಹುಡುಕಿಸಬೇಕು, ಹೊಣೆಗಾರರನ್ನು ಗುರುತಿಸಬೇಕು ಎಂದು 2013ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವೂ ಸ್ಪಷ್ಟಪಡಿಸಿತು. ನಮ್ಮ ರಾಜ್ಯದಲ್ಲಿ 2010ರ ಸಾರ್ವಜನಿಕ ದಾಖಲೆಗಳ ಕಾಯಿದೆಯೂ ಇದೆ. ಮಾಹಿತಿ ಹಕ್ಕು ಅಧಿನಿಯಮದ ನಾಲ್ಕನೆಯ ಪ್ರಕರಣದ ಮೊದಲ ಮಾತೇ, ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿಮಾಡಿ ಸೂಚಿಯೊಡನೆ ಇಟ್ಟುಕೊಳ್ಳಬೇಕೆಂಬುದು. ಎರಡನೆಯ ಮಾತು, ತನ್ನ ರಚನೆ, ಕರ್ತವ್ಯ, ಆಯವ್ಯಯ, ಸಹಾಯಧನಗಳ ಫಲಾನುಭವಿಗಳು ಮೊದಲಾದ ಹದಿನೇಳು ಬಗೆಯ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂಬುದು. ಈ ಎರಡನೆಯ ಕೆಲಸವನ್ನು 120 ದಿನಗಳೊಳಗೆ ಮುಗಿಸಬೇಕೆಂದು 2005ರಲ್ಲಿ ಹೇಳಿದ್ದ ಶಾಸನವು ಇಪ್ಪತ್ತು ವರ್ಷಗಳ ಮೇಲೆಯೂ ಎಷ್ಟೋ ತಾಲ್ಲೂಕು ಕಚೇರಿಗಳಲ್ಲಿ ಬರಿಯ ಗೋಡೆಯ ಫಲಕವಾಗಿ ಉಳಿದಿರುವುದು ನೋವಿನ ಸಂಗತಿ. ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಎಸೆದ ಗಂಟುಗಳಲ್ಲಿ ಗೆದ್ದಲು ಹಿಡಿಯುತ್ತಿರುವುದು ಕಾಗದಗಳಷ್ಟೇ ಅಲ್ಲ, ಪ್ರಜೆಯೊಬ್ಬನ ಜಮೀನು, ಪಿಂಚಣಿ, ಹೆಸರು, ಎಲ್ಲವೂ. ದಾಖಲೆ ಕೊಠಡಿಯ ಗುಮಾಸ್ತನಿಗೆ ಒಂದು ಒಳ್ಳೆಯ ಕಪಾಟು, ಒಂದು ಸೂಚಿ ಪುಸ್ತಕ, ಕೆಲಸಕ್ಕೆ ತಕ್ಕ ಮರ್ಯಾದೆ, ಇವಿಷ್ಟನ್ನು ಕೊಟ್ಟಿದ್ದರೆ ಆಯೋಗಕ್ಕೆ ಬರುವ ಮೇಲ್ಮನವಿಗಳಲ್ಲಿ ಬಹುಪಾಲು ಹುಟ್ಟುತ್ತಲೇ ಇರಲಿಲ್ಲವೆಂದು ನಾನು ನಂಬಿದ್ದೇನೆ.

ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿಯವರೆಗೆ ದಂಡವನ್ನು ಆಯೋಗವು ವಿಧಿಸಬಹುದು; ಆ ಹಣವು ಇಲಾಖೆಯ ಬೊಕ್ಕಸದಿಂದಲ್ಲ, ಅಧಿಕಾರಿಯ ಸ್ವಂತ ಸಂಬಳದಿಂದ ಹೋಗುತ್ತದೆ. ಈ ಅಧಿಕಾರವನ್ನು ಬಳಸುವುದರಲ್ಲಿ ಆಯೋಗಗಳು ಎಲ್ಲೆಡೆ ಸಂಕೋಚವನ್ನು ತೋರಿವೆ. ಆ ಸಂಕೋಚದಲ್ಲಿ ಮಾನವೀಯತೆಯ ಅಂಶವಿದೆಯೆಂಬುದನ್ನು ಅಲ್ಲಗಳೆಯಲಾರೆ. ಮೂರು ಮಂದಿಯ ಕೆಲಸವನ್ನು ಒಬ್ಬನೇ ಮಾಡುತ್ತಿರುವ ಕಾರ್ಯದರ್ಶಿಗೆ ದಂಡ ಹಾಕಲು ಕೈ ಏಳದಿರುವುದು ಸಹಜ. ಆದರೆ ಬೇಕೆಂದೇ ಮುಚ್ಚಿಟ್ಟವನಿಗೂ ಅದೇ ಕರುಣೆಯು ದೊರೆಯುವುದಾದರೆ, ಅದು ಎರಡನೆಯ ಬಾರಿ ಸೋಲುವ ಅರ್ಜಿದಾರನಿಗೆ ಮಾಡಿದ ಅನ್ಯಾಯವಾಗುತ್ತದೆ.

2008ರಲ್ಲಿ ರಾಜ್ಯ ಸರ್ಕಾರವು ತನ್ನ ನಿಯಮಗಳಿಗೆ ಒಂದು ತಿದ್ದುಪಡಿಯನ್ನು ಮಾಡಿ, ಒಂದು ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಕೂಡದು ಎಂದು ಗೊತ್ತುಪಡಿಸಿತು. ಒಂದೇ ಅರ್ಜಿಯಲ್ಲಿ ಇಪ್ಪತ್ತು ಕಚೇರಿಗಳ ಹತ್ತು ವರ್ಷಗಳ ಕಾಗದಗಳನ್ನೆಲ್ಲ ಕೇಳುವ, ಕೆಲವೊಮ್ಮೆ ಬೆದರಿಕೆಗಾಗಿಯೇ ಕೇಳುವ ಮಂದಿಯೂ ಉಂಟೆಂಬ ಅಧಿಕಾರಿಗಳ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೂ ಈ ನಿಯಮವು ನನಗೆ ಸರಿಯೆನಿಸಿಲ್ಲ. ಕೇಂದ್ರ ಸರ್ಕಾರವು 2012ರಲ್ಲಿ ಮಾಡಿದ ನಿಯಮಗಳಲ್ಲಿ 500 ಪದಗಳಿಗೆ ಎಡೆಯಿತ್ತು, ಮತ್ತು ಪದಗಳು ಹೆಚ್ಚಾದವೆಂಬ ಕಾರಣಕ್ಕಾಗಿಯೇ ಅರ್ಜಿಯನ್ನು ತಳ್ಳಿಹಾಕಕೂಡದೆಂಬ ವಿವೇಕವೂ ಅದರಲ್ಲಿತ್ತು. ಅರ್ಜಿ ಬರೆಯಬಲ್ಲ ವಕೀಲನಿಗೆ 150 ಪದಗಳು ಸಾಕು. ತನ್ನ ಸಂಕಟದ ಕಥೆಯನ್ನೆಲ್ಲ ಹೇಳದೆ ಪ್ರಶ್ನೆಗೆ ಬರಲಾರದ ಹಳ್ಳಿಯವನಿಗೆ ಸಾಲವು. ಪ್ರಶ್ನೆಯನ್ನು ಆರಿಸುವವನು ಪ್ರಜೆಯೆಂದು ಶಾಸನವು ಒಪ್ಪಿದ ಮೇಲೆ, ಆ ಪ್ರಶ್ನೆಯ ಆಕಾರವನ್ನು ಕಚೇರಿಯ ಅನುಕೂಲಕ್ಕೆ ತಕ್ಕಂತೆ ಕತ್ತರಿಸುವುದು ಶಾಸನದ ಆಶಯಕ್ಕೆ ಒಗ್ಗುವುದಿಲ್ಲ.

ಕರ್ನಾಟಕವು ಈ ಕ್ಷೇತ್ರಕ್ಕೆ ಕೊಟ್ಟ ವೈಚಾರಿಕ ಕಾಣಿಕೆಯನ್ನು ಇಲ್ಲಿ ಸ್ಮರಿಸಬೇಕು. ನಮ್ಮವರೇ ಆದ ಎಂ. ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೆಯ ಆಡಳಿತ ಸುಧಾರಣಾ ಆಯೋಗವು ತನ್ನ ಮೊಟ್ಟಮೊದಲ ವರದಿಯನ್ನು, 2006ರ ಜೂನ್ ತಿಂಗಳಲ್ಲಿ, ಮಾಹಿತಿ ಹಕ್ಕಿಗೇ ಮೀಸಲಿಟ್ಟಿತು. 1923ರ ರಹಸ್ಯಗಳ ಕಾಯಿದೆಯನ್ನು ರದ್ದುಪಡಿಸಬೇಕು, ಸಚಿವರು ಅಧಿಕಾರ ಸ್ವೀಕರಿಸುವಾಗ ಗೋಪ್ಯತೆಯ ಪ್ರಮಾಣದ ಸ್ಥಾನದಲ್ಲಿ ಪಾರದರ್ಶಕತೆಯ ಪ್ರಮಾಣವನ್ನು ಮಾಡಬೇಕು ಎಂದು ಅದು ಸಲಹೆ ಮಾಡಿತು. ಆ ಸಲಹೆಗಳು ಇಂದಿಗೂ ಕಾರ್ಯರೂಪಕ್ಕೆ ಬಂದಿಲ್ಲ.

ಆಯೋಗದ ದೇಹವನ್ನು ಬಾಧಿಸುತ್ತಿರುವ ದೊಡ್ಡ ವ್ಯಾಧಿಯೆಂದರೆ ವಿಳಂಬ. ಮೂವತ್ತು ದಿನಗಳಲ್ಲಿ ದೊರೆಯಬೇಕಾದ ಉತ್ತರಕ್ಕಾಗಿ ಎರಡನೆಯ ಮೇಲ್ಮನವಿಯಲ್ಲಿ ವರ್ಷಗಟ್ಟಲೆ ಕಾಯಬೇಕಾದರೆ, ಅಷ್ಟರೊಳಗೆ ರಸ್ತೆಯು ಕಿತ್ತುಹೋಗಿರುತ್ತದೆ, ಗುತ್ತಿಗೆದಾರನು ಬಿಲ್ಲನ್ನು ಪಡೆದಿರುತ್ತಾನೆ, ಅಧಿಕಾರಿಯು ವರ್ಗವಾಗಿರುತ್ತಾನೆ. ಇತ್ಯರ್ಥವಾಗದ ಮೇಲ್ಮನವಿಗಳು ಹತ್ತಾರು ಸಾವಿರಕ್ಕೆ ಏರಿದ ವರ್ಷಗಳನ್ನು ಈ ಆಯೋಗವು ಕಂಡಿದೆ. ಇದಕ್ಕೆ ಆಯುಕ್ತರ ಆಲಸ್ಯವೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಖಾಲಿಯಾದ ಸ್ಥಾನಗಳನ್ನು ಕಾಲಕ್ಕೆ ಸರಿಯಾಗಿ ತುಂಬದಿರುವುದೇ ಮುಖ್ಯ ಕಾರಣ. 2012ರ ಸೆಪ್ಟೆಂಬರಿನಲ್ಲಿ, ಆಯೋಗಗಳಲ್ಲಿ ನ್ಯಾಯಾಂಗದ ಅನುಭವವುಳ್ಳ ಸದಸ್ಯರು ಇರಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನಿಂದ ದೇಶದ ಹಲವೆಡೆ ವಿಚಾರಣೆಗಳು ತೊಡಕಿಗೆ ಸಿಕ್ಕಿಕೊಂಡವು. ಮರುವರ್ಷ ಅದೇ ನ್ಯಾಯಾಲಯವು ಪುನರ್ವಿಮರ್ಶೆ ಮಾಡಿ ಆ ನಿರ್ದೇಶನಗಳನ್ನು ಹಿಂತೆಗೆದುಕೊಂಡಿತು. 2019ರ ಫೆಬ್ರವರಿಯಲ್ಲಿ ಬಂದ ಮತ್ತೊಂದು ತೀರ್ಪು, ಸ್ಥಾನವು ಖಾಲಿಯಾಗುವ ಮೊದಲೇ ನೇಮಕದ ಪ್ರಕ್ರಿಯೆಯನ್ನು ಆರಂಭಿಸಬೇಕೆಂದು ಸರ್ಕಾರಗಳಿಗೆ ಆದೇಶಿಸಿತು. ಬೆಳಗಾವಿಯಲ್ಲಿಯೂ ಕಲಬುರಗಿಯಲ್ಲಿಯೂ ಆಯೋಗದ ಪೀಠಗಳು ಸ್ಥಾಪಿತವಾದುದು ಉತ್ತರ ಕರ್ನಾಟಕದ ಅರ್ಜಿದಾರರಿಗೆ ಸಂದ ನಿಜವಾದ ನ್ಯಾಯ. ಹತ್ತು ರೂಪಾಯಿಯ ಅರ್ಜಿಗಾಗಿ ಬೀದರದಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದು ರಾತ್ರಿ ಬಂದು ಮತ್ತೊಂದು ರಾತ್ರಿ ಹಿಂದಿರುಗಬೇಕಾಗಿದ್ದ ಕಾಲವು ಹೀಗೆ ಕಳೆಯಿತು. ಅರ್ಜಿಯನ್ನು ಆನ್‌ಲೈನಿನಲ್ಲಿ ಸಲ್ಲಿಸುವ ಅನುಕೂಲವೂ ಈಚೆಗೆ ಒದಗಿದೆ.

ಈಚಿನ ಎರಡು ತಿದ್ದುಪಡಿಗಳ ವಿಷಯವನ್ನು ಹೇಳದೆ ಈ ಚರಿತ್ರೆಯನ್ನು ಮುಗಿಸಲಾಗದು. ಮೂಲ ಕಾಯಿದೆಯಲ್ಲಿ ಆಯುಕ್ತರ ಅಧಿಕಾರಾವಧಿಯು ಐದು ವರ್ಷವೆಂದು ನಿಶ್ಚಿತವಾಗಿತ್ತು. 2019ರ ತಿದ್ದುಪಡಿಯು ಅವಧಿಯನ್ನೂ ಸಂಬಳವನ್ನೂ ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಅದರ ಮೇರೆಗೆ ಬಂದ ನಿಯಮಗಳು ಅವಧಿಯನ್ನು ಮೂರು ವರ್ಷಕ್ಕೆ ಇಳಿಸಿದವು. ರಾಜ್ಯದ ಆಯುಕ್ತರ ವಿಷಯದಲ್ಲಿಯೂ ಕೇಂದ್ರವೇ ಇದನ್ನು ನಿರ್ಧರಿಸುವುದು ಒಕ್ಕೂಟದ ಧರ್ಮಕ್ಕೂ ಆಯೋಗದ ಸ್ವಾತಂತ್ರ್ಯಕ್ಕೂ ಹಿತವಲ್ಲ. ಇದಕ್ಕಿಂತ ಗಂಭೀರವಾದುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಮೂಲಕ ಎಂಟನೆಯ ಪ್ರಕರಣಕ್ಕೆ ಮಾಡಿದ ಬದಲಾವಣೆ. ಮೊದಲು, ಸಾರ್ವಜನಿಕ ಕಾರ್ಯಕ್ಕೆ ಸಂಬಂಧವಿಲ್ಲದ ಅಥವಾ ವ್ಯಕ್ತಿಯ ಖಾಸಗಿತನವನ್ನು ಅನುಚಿತವಾಗಿ ಭಂಗಪಡಿಸುವ ವೈಯಕ್ತಿಕ ಮಾಹಿತಿಗೆ ಮಾತ್ರ ವಿನಾಯಿತಿಯಿತ್ತು; ಈಗ ವೈಯಕ್ತಿಕ ಮಾಹಿತಿಯೆಂಬುದೇ ನಿರಾಕರಣೆಗೆ ಸಾಕಾಗುವಂತೆ ವಾಕ್ಯವು ಮೊಟಕಾಗಿದೆ. ಹಾಜರಿ ಪಟ್ಟಿಯಲ್ಲಿರುವುದು ಹೆಸರುಗಳು. ಫಲಾನುಭವಿಗಳ ಪಟ್ಟಿಯಲ್ಲಿರುವುದೂ ಹೆಸರುಗಳು. ಅವನ್ನು ತೆಗೆದುಬಿಟ್ಟರೆ ಕೋಟ್ ಕಿರಾನಾದಲ್ಲಿ ಓದಲು ಏನು ಉಳಿಯುತ್ತಿತ್ತು? ವಿಶಾಲವಾದ ಸಾರ್ವಜನಿಕ ಹಿತವಿದ್ದರೆ ವಿನಾಯಿತಿಯನ್ನು ಮೀರಿ ಮಾಹಿತಿ ಕೊಡಬಹುದೆಂಬ ಉಪಪ್ರಕರಣವು ಉಳಿದಿದೆ, ನಿಜ. ಆದರೆ ಈ ಬದಲಾವಣೆಯಿಂದ ಅಳಿಸಿಹೋದ ಒಂದು ಪರಂತುಕವಿತ್ತು: ಸಂಸತ್ತಿಗೆ ಅಥವಾ ರಾಜ್ಯದ ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಕೂಡದು. 1881ರಲ್ಲಿ 144 ಮಂದಿಗೆ ಮಾತ್ರ ಹೇಳುತ್ತಿದ್ದುದನ್ನು ಪ್ರತಿಯೊಬ್ಬ ಪ್ರಜೆಯೂ ಶಾಸಕನಿಗೆ ಸಮಾನನಾಗಿ ನಿಂತು ಕೇಳಬಹುದೆಂದು ಸಾರಿದ ಮಾತು ಅದು. ಅದಕ್ಕಿಂತ ಘನವಾದ ಮಾತು ಈ ಕಾಯಿದೆಯಲ್ಲಿ ಬೇರೊಂದಿರಲಿಲ್ಲ.

ಪ್ರಶ್ನೆ ಕೇಳಿದುದಕ್ಕಾಗಿ ದೇಶದ ನಾನಾ ರಾಜ್ಯಗಳಲ್ಲಿ ಜನರು ಪ್ರಾಣವನ್ನು ಕಳೆದುಕೊಂಡಿದ್ದಾರೆ. ಕರ್ನಾಟಕವೂ ಇದಕ್ಕೆ ಹೊರತಲ್ಲ. ಅಕ್ರಮಗಳನ್ನು ಬಯಲಿಗೆ ತರುವವರ ರಕ್ಷಣೆಗಾಗಿ ಸಂಸತ್ತು 2014ರಲ್ಲಿ ಮಾಡಿದ ಕಾಯಿದೆಯು ಜಾರಿಗೆ ಬಾರದೆ ಕುಳಿತಿದೆ. ಅರ್ಜಿದಾರನ ವಿಳಾಸವನ್ನು ಗುತ್ತಿಗೆದಾರನಿಗೆ ತಿಳಿಸುವ ನೌಕರನು ಎಂಥ ಅಪರಾಧಕ್ಕೆ ಕೈಜೋಡಿಸುತ್ತಿದ್ದಾನೆಂಬುದನ್ನು ಪ್ರತಿಯೊಂದು ತರಬೇತಿಯಲ್ಲಿಯೂ ಮೊದಲು ಕಲಿಸಬೇಕು.

ಇದನ್ನು ಓದುವವರಲ್ಲಿ ಸರ್ಕಾರದ ಹೊಣೆಯನ್ನು ಹೊತ್ತವರೂ ಇರುತ್ತಾರೆಂದು ತಿಳಿದು ಅವರಲ್ಲಿ ಮೂರು ವಿಜ್ಞಾಪನೆಗಳನ್ನು ಮಾಡಿಕೊಳ್ಳುತ್ತೇನೆ. ಆಯುಕ್ತರ ಸ್ಥಾನವು ತೆರವಾಗುವುದಕ್ಕೆ ಮೂರು ತಿಂಗಳು ಮೊದಲೇ ಹೊಸಬರ ಆಯ್ಕೆಯು ಮುಗಿದಿರಲಿ. 150 ಪದಗಳ ನಿಯಮವನ್ನು ರಾಜ್ಯವು ತಾನಾಗಿಯೇ ಹಿಂತೆಗೆದುಕೊಳ್ಳಲಿ. ನಾಲ್ಕನೆಯ ಪ್ರಕರಣವು ಹೇಳುವ ದಾಖಲೆಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿಯಿಂದಲೇ ಆರಂಭಿಸಿ ಸಿದ್ಧಪಡಿಸಿ, ಪಂಚಾಯಿತಿಯ ಜಗಲಿಯ ಮೇಲೆ ಕುಳಿತವನಿಗೂ ಅದು ಕೈಗೆ ಸಿಗುವಂತೆ ಮಾಡಲಿ. ಇವುಗಳಲ್ಲಿ ಯಾವೊಂದಕ್ಕೂ ಹೊಸ ಶಾಸನವು ಬೇಕಾಗಿಲ್ಲ.